ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ವಿದೇಶಿ ಕಂಪನಿಗಳ ‘ಕೋಡ್ ಆಫ್ ಕಂಡಕ್ಟ್’: ಕೆಲಸಕ್ಕೆ ಬಂತಾ, ಬರೀ ನಾಟಕವಾ?

ಗಾರ್ಮೆಂಟ್_ಗಿರಿಜಾ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಕಂಪ್ಲಯನ್ಸ್ ನೋಡಿಕೊಳ್ಳುತ್ತೇನೆ. ವಿದೇಶಿ ಬ್ರ್ಯಾಂಡ್‌ಗಳು ಕಳಿಸುವ ಕೋಡ್ ಆಫ್ ಕಂಡಕ್ಟ್, ಅಂದರೆ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ನಿಯಮಪಟ್ಟಿ, ಗೋಡೆಗೆ ಅಂಟಿಸುವುದು, ರಿಜಿಸ್ಟರ್ ಸರಿಯಾಗಿ ಇಡುವುದು, ಆಡಿಟ್ ದಿನ ಓಡಾಡುವುದು, ಇದೇ ಕೆಲಸ. ಇಂಥ ಕೋಡ್‌ಗಳು ಎಲ್ಲಿಂದ ಶುರುವಾದವು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ದಕ್ಷಿಣ ಆಫ್ರಿಕಾ.

1977ರ ಮಾರ್ಚ್‌ನಲ್ಲಿ ಲಿಯಾನ್ ಸಲಿವನ್ ಅನ್ನುವ ಫಿಲಡೆಲ್ಫಿಯಾದ ಕಪ್ಪು ಪಾದ್ರಿಯೊಬ್ಬರು ಆರು ಸೂತ್ರಗಳನ್ನು ಮುಂದಿಟ್ಟರು. ಅವರು ಜನರಲ್ ಮೋಟಾರ್ಸ್ ಕಂಪನಿಯ ಬೋರ್ಡ್ ಮೆಂಬರ್ ಕೂಡ. ದಕ್ಷಿಣ ಆಫ್ರಿಕಾದಲ್ಲಿ ಕಾರ್ಖಾನೆ ಇಟ್ಟ ಅಮೆರಿಕನ್ ಕಂಪನಿಗಳು ಇದಕ್ಕೆ ಸಹಿ ಹಾಕಬೇಕು. ಊಟದ ಜಾಗ, ಶೌಚಾಲಯ, ಕೆಲಸದ ಜಾಗದಲ್ಲಿ ಬಣ್ಣ ನೋಡಿ ಬೇರೆ ಕೂರಿಸಬಾರದು. ಎಲ್ಲರಿಗೂ ಒಂದೇ ನಿಯಮ. ಒಂದೇ ಕೆಲಸಕ್ಕೆ ಒಂದೇ ಸಂಬಳ. ಕಪ್ಪು ನೌಕರರಿಗೆ ತರಬೇತಿ, ಸೂಪರ್‌ವೈಸರ್ ಮ್ಯಾನೇಜರ್ ಹುದ್ದೆಗಳಿಗೆ ಬಡ್ತಿ. ಆಮೇಲೆ ಅವರ ಮನೆ, ಬಸ್ಸು, ಶಾಲೆ, ಆರೋಗ್ಯದ ಕಡೆಗೂ ಗಮನ. ಮೊದಲು ಸಹಿ ಹಾಕಿದ್ದು 12 ಕಂಪನಿಗಳು. ಮುಂದೆ ನೂರು ದಾಟಿತು.

ಆದರೆ ಹತ್ತು ವರ್ಷ ಆದಮೇಲೆ, 1987ರ ಜೂನ್‌ನಲ್ಲಿ ಅದೇ ಸಲಿವನ್ ‘ಇದು ಸಾಲದು, ಎಲ್ಲ ಕಂಪನಿಗಳೂ ಅಲ್ಲಿಂದ ಹೊರಡಿ’ ಅಂದುಬಿಟ್ಟರು.

ನನ್ನ ಪ್ರಶ್ನೆ ಇಷ್ಟೇ. ಆ ಹತ್ತು ವರ್ಷದಲ್ಲಿ ಕೆಲಸಗಾರರಿಗೆ ನಿಜವಾಗಿ ಏನಾದರೂ ಸಿಕ್ಕಿತಾ? ಅಥವಾ ಕಂಪನಿಗಳು ಅಲ್ಲೇ ಉಳಿದುಕೊಳ್ಳೋಕೆ ಇದೊಂದು ನೆಪ ಆಯಿತಾ?

ನೇರನುಡಿ

ನೆಪ. ಮುಂದಿನ ಪ್ರಶ್ನೆ?

ಜೋಬರ್ಗ್_ಕನ್ನಡಿಗ

@ನೇರನುಡಿ ಅಷ್ಟು ಸುಲಭ ಇಲ್ಲ ಸ್ವಾಮಿ.

ನಾನು ಜೋಹಾನ್ಸ್‌ಬರ್ಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಮ್ಮ ಟೀಮಿನ ಹಿರಿಯರೊಬ್ಬರ ಅಪ್ಪ ಪೋರ್ಟ್ ಎಲಿಜಬೆತ್ ಕಡೆ ಒಂದು ವಿದೇಶಿ ಕಾರ್ಖಾನೆಯಲ್ಲಿ ಇದ್ದವರು. ಆ ಊರಿಗೆ ಈಗ ಗೆಬೆರಾ ಅಂತ ಹೆಸರು, ಉಚ್ಚಾರಣೆ ನನಗಿನ್ನೂ ನೆಟ್ಟಗೆ ಬರಲ್ಲ, ಆ ‘ಗ’ ಜಾಗದಲ್ಲಿ ನಾಲಿಗೆ ಟಕ್ ಅನ್ನಿಸಬೇಕು. ಅವರು ಹೇಳಿದ ಕಥೆ ಕೇಳಿ.

ಮೊದಲು ಊಟದ ಹಾಲ್ ಎರಡಿತ್ತು, ಬಾಗಿಲ ಮೇಲೆ ಬೋರ್ಡ್ ಇತ್ತು, ಬಿಳಿಯರಿಗೆ ಮಾತ್ರ ಅಂತ. ಕೋಡ್ ಬಂದಮೇಲೆ ಬೋರ್ಡ್ ಕಿತ್ತರು. ಸ್ಕ್ರೂ ಹಾಕಿದ್ದ ನಾಲ್ಕು ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದರು. ಹಾಲ್ ಮಾತ್ರ ಎರಡು ಹಾಗೇ ಉಳಿಯಿತು. ಒಂದು ತಿಂಗಳ ಸಂಬಳದವರಿಗೆ, ಇನ್ನೊಂದು ಗಂಟೆ ಲೆಕ್ಕದ ಕೂಲಿಯವರಿಗೆ. ತಿಂಗಳ ಸಂಬಳದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು, ಗಂಟೆ ಲೆಕ್ಕದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಪ್ಪು. ಇದು ಆ ಒಂದು ಕಾರ್ಖಾನೆಯ ಕಥೆ ಮಾತ್ರ ಅಲ್ಲ. ಆಗಿನ ಟೀಕಾಕಾರರು ಇದನ್ನು ತುಂಬಾ ಕಡೆ ಎತ್ತಿ ತೋರಿಸಿದ್ದಾರೆ.

ಆದರೆ ಅದೇ ಅಪ್ಪನಿಗೆ ಅದೇ ಕಂಪನಿ ದುಡ್ಡಲ್ಲಿ ಎಲೆಕ್ಟ್ರಿಕಲ್ ತರಬೇತಿ ಸಿಕ್ಕಿತು, ಮಗನಿಗೆ ಸ್ಕಾಲರ್‌ಶಿಪ್ ಸಿಕ್ಕಿತು. ಆ ಮಗ ಇವತ್ತು ನನಗೆ ಬಾಸ್. ಇದನ್ನೂ ನಾಟಕ ಅಂತೀರಾ?

ನೇರನುಡಿ

@ಜೋಬರ್ಗ್_ಕನ್ನಡಿಗ ಒಬ್ಬರ ಮಗನಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ದು ಸಂತೋಷ. ಆದರೆ ಆ ಅಪ್ಪನಿಗೆ ವೋಟ್ ಇತ್ತಾ? ಇಷ್ಟಬಂದ ಕಡೆ ಮನೆ ತಗೊಳ್ಳೋಕೆ ಆಗುತ್ತಿತ್ತಾ? 1950ರ ಗ್ರೂಪ್ ಏರಿಯಾಸ್ ಕಾಯ್ದೆ ಹಾಗೇ ಇತ್ತು. ಕಪ್ಪು ಮಕ್ಕಳಿಗೆ ಬೇಕಂತಲೇ ಕಳಪೆ ಶಿಕ್ಷಣ ಕೊಡುವ 1953ರ ಬಂಟು ಶಿಕ್ಷಣ ಕಾಯ್ದೆ ಜಾರಿಯಲ್ಲಿತ್ತು. ಗೇಟಿನ ಒಳಗೆ ಎಂಟು ಗಂಟೆ ಮನುಷ್ಯ, ಗೇಟ್ ದಾಟಿದ ಕೂಡಲೇ ಪಾಸ್ ತೋರಿಸು.

ಇನ್ನೊಂದು ವಿಷಯ. ಅಮೆರಿಕನ್ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಜನ ಆ ದೇಶದ ಒಟ್ಟು ಕಾರ್ಮಿಕರಲ್ಲಿ ತುಂಬಾ ಚಿಕ್ಕ ಪಾಲು. ಗಣಿಗಳಲ್ಲಿ, ಹೊಲಗಳಲ್ಲಿ, ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನಕ್ಕೆ ಈ ಆರು ಸೂತ್ರ ಇದೆ ಅಂತಲೇ ಗೊತ್ತಿರಲಿಲ್ಲ.

ಚಿಕ್ಕೋಡಿ_ಚಿನ್ನು

ಪಾಸ್ ಅಂದ್ರೆ ಏನ್ರೀ? ವೀಸಾ ಥರಾನಾ?

ಇತಿಹಾಸ_ಮೇಷ್ಟ್ರು

@ಚಿಕ್ಕೋಡಿ_ಚಿನ್ನು ತಮ್ಮ ದೇಶದಲ್ಲೇ ತಿರುಗಾಡೋಕೆ ವೀಸಾ ಅಂದುಕೊಳ್ಳಿ. 16 ವರ್ಷ ದಾಟಿದ ಆಫ್ರಿಕನ್ನರು ಒಂದು ಪುಸ್ತಕ ಸದಾ ಜೇಬಲ್ಲಿ ಇಟ್ಟುಕೊಳ್ಳಬೇಕಿತ್ತು. ಫೋಟೋ, ಎಲ್ಲಿ ಇರಬಹುದು, ಯಾರ ಹತ್ತಿರ ಕೆಲಸ, ಎಲ್ಲ ಅದರಲ್ಲಿ. ಮಾಲೀಕನ ಸಹಿ ಬೇಕು. ಕೆಲಸ ಹೋದರೆ ಊರಲ್ಲಿ ಇರುವ ಹಕ್ಕೂ ಹೋಗುವ ಭಯ. ಪುಸ್ತಕ ಇಲ್ಲದೆ ಸಿಕ್ಕಿಬಿದ್ದರೆ ಜೈಲು. 1986ರವರೆಗೂ ಈ ಕಾನೂನು ಇತ್ತು. ಅಂಥ ಜಾಗದಲ್ಲಿ ‘ಕೆಲಸ ಬಿಡ್ತೀನಿ’ ಅಂತ ಮ್ಯಾನೇಜರ್ ಮುಂದೆ ಹೇಳೋದು ಎಷ್ಟು ಕಷ್ಟ, ನೀವೇ ಯೋಚಿಸಿ.

ಗಿರಿಜಾ ಅವರೇ, ನಿಮ್ಮ ಮಾತಿಗೆ ಒಂದು ತಿದ್ದುಪಡಿ. ಕೋಡ್ ಶುರುವಾಗಿದ್ದು ಸಲಿವನ್‌ರಿಂದ ಅಲ್ಲ, ಬ್ರಿಟನ್ ಇನ್ನೂ ಮುಂಚೆ. 1973ರಲ್ಲಿ ಗಾರ್ಡಿಯನ್ ಪತ್ರಿಕೆಯ ಆಡಂ ರಾಫೆಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ದೊಡ್ಡ ದೊಡ್ಡ ಬ್ರಿಟಿಷ್ ಕಂಪನಿಗಳು ಆಫ್ರಿಕನ್ ಕೆಲಸಗಾರರಿಗೆ ಹೊಟ್ಟೆಗೂ ಸಾಲದಷ್ಟು ಕೂಲಿ ಕೊಡುತ್ತಿವೆ ಅಂತ ಬರೆದರು. ಲಂಡನ್‌ನಲ್ಲಿ ಗಲಾಟೆ ಎದ್ದಿತು. ಸಂಸತ್ತಿನ ಸಮಿತಿ ಕಂಪನಿ ಮುಖ್ಯಸ್ಥರನ್ನು ಕರೆಸಿ ಪ್ರಶ್ನೆ ಕೇಳಿತು. ಅದರಿಂದ ಒಂದು ಮಾರ್ಗಸೂಚಿ ಹೊರಬಂತು. ಆಮೇಲೆ 1977ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಸಮುದಾಯದ ಒಂಬತ್ತೂ ದೇಶ ಸೇರಿ ತಮ್ಮದೇ ಕೋಡ್ ತಂದವು. 1978ರಲ್ಲಿ ಕೆನಡಾ.

ಯುರೋಪಿನ ಕೋಡ್‌ನಲ್ಲಿ ಒಂದು ಅಂಕಿ ಇತ್ತು. ಒಂದು ಕುಟುಂಬ ಕನಿಷ್ಠ ಬದುಕೋಕೆ ಎಷ್ಟು ಬೇಕೋ ಅದಕ್ಕಿಂತ ಶೇಕಡಾ 50ರಷ್ಟು ಜಾಸ್ತಿ ಕನಿಷ್ಠ ಕೂಲಿ ಇರಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಈ ‘ಬದುಕೋಕೆ ಬೇಕಾದ್ದು’ ಲೆಕ್ಕ ಹಾಕೋರು ಯಾರು? ಅಲ್ಲಿನ ವಿಶ್ವವಿದ್ಯಾಲಯಗಳು. ಪೋರ್ಟ್ ಎಲಿಜಬೆತ್‌ನದು ಒಂದು ಲೆಕ್ಕ, ಪ್ರಿಟೋರಿಯಾ ಕಡೆಯದು ಇನ್ನೊಂದು. ಅಕ್ಕಿಬೇಳೆ, ಬಟ್ಟೆ, ಸೌದೆ, ಬಸ್ ಚಾರ್ಜ್ ಕೂಡಿದರೆ ಮುಗಿಯಿತು. ಪುಸ್ತಕ ಇಲ್ಲ, ಹಬ್ಬ ಇಲ್ಲ, ಊರಿಗೆ ಕಳಿಸುವ ದುಡ್ಡು ಇಲ್ಲ. ಮನೆಯಲ್ಲಿ ಎಷ್ಟು ಜನ ಅಂತ ಹಿಡಿಯುವುದರಲ್ಲೇ ಜಗಳ. ಕಂಪನಿಗಳು ಯಾವುದು ಕಮ್ಮಿಯೋ ಅದನ್ನು ಆರಿಸಿಕೊಂಡರೆ ಆಶ್ಚರ್ಯ ಏನಿದೆ?

ಜಯನಗರ_4ನೇ_ಬ್ಲಾಕ್

ಅಕ್ಕಿಬೇಳೆ ಅಲ್ಲ ಮೇಷ್ಟ್ರೇ, ಅಲ್ಲಿ ಜೋಳದ ಹಿಟ್ಟು 😄

ಇತಿಹಾಸ_ಮೇಷ್ಟ್ರು

ಸರಿ ಮಾರಾಯ್ರೇ, ಮೆಕ್ಕೆಜೋಳದ ಹಿಟ್ಟು. ಮುದ್ದೆ ಥರ ಮಾಡ್ತಾರೆ, ಪಾಪ್ ಅಂತಾರೆ.

ಜೋಬರ್ಗ್_ಕನ್ನಡಿಗ

ರಾಗಿ ಮುದ್ದೆ ಸಿಗದಿದ್ದಾಗ ಅದರಲ್ಲೇ ಸೊಪ್ಪಿನ ಸಾರು ಹೊಡಿತೀವಿ. ವಿಷಯಕ್ಕೆ ಬನ್ನಿ.

ಹಳೇ_ಪಾಸ್‌ಪೋರ್ಟ್

ನನ್ನ ಮೊದಲ ಪಾಸ್‌ಪೋರ್ಟ್ ಇನ್ನೂ ಬೀರುವಿನಲ್ಲಿದೆ. ಎಲ್ಲ ದೇಶಕ್ಕೂ ಹೋಗಬಹುದು, ದಕ್ಷಿಣ ಆಫ್ರಿಕಾಕ್ಕೆ ಮಾತ್ರ ಇಲ್ಲ ಅಂತ ಅದರಲ್ಲಿ ಬರೆದಿದೆ. ಈಗಿನ ಹುಡುಗರಿಗೆ ತೋರಿಸಿದರೆ ನಂಬಲ್ಲ. 1946ರಲ್ಲೇ, ಸ್ವಾತಂತ್ರ್ಯಕ್ಕೂ ಮೊದಲೇ, ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿದ್ದು ಭಾರತ. ಹಾಗೆ ಮಾಡಿದ ಮೊದಲ ದೇಶ. ನಮ್ಮ ರಫ್ತಿನಲ್ಲಿ ಅವರ ಪಾಲು ಆಗ ಶೇಕಡಾ 5ರ ಮೇಲಿತ್ತು, ಹಾಗಾಗಿ ನಮಗೂ ನಷ್ಟ ಆಗದೇ ಇರಲಿಲ್ಲ.

80ರ ದಶಕದ ಮಧ್ಯದಲ್ಲಿ ನಾನು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಂ.ಎಸ್. ಮಾಡುತ್ತಿದ್ದೆ. ವಿದ್ಯಾರ್ಥಿಗಳು ಕ್ಯಾಂಪಸ್‌ನಲ್ಲಿ ತಗಡು, ರಟ್ಟು, ಹಲಗೆ ಸೇರಿಸಿ ಗುಡಿಸಲು ಕಟ್ಟಿದ್ದರು, ಜೋಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊ ಥರ ಕಾಣಲಿ ಅಂತ. ಪೊಲೀಸರು ಬಂದು ಕೀಳೋದು, ಇವರು ಮತ್ತೆ ಕಟ್ಟೋದು. ವಿಶ್ವವಿದ್ಯಾಲಯದವರ ಉತ್ತರ ಯಾವಾಗಲೂ ಒಂದೇ: ‘ನಾವು ಷೇರು ಇಟ್ಟಿರುವ ಕಂಪನಿಗಳು ಸಲಿವನ್ ಸೂತ್ರಕ್ಕೆ ಸಹಿ ಹಾಕಿವೆ.’ ಸಹಿ ಇದ್ದರೆ ಷೇರು ಇಟ್ಟುಕೊಳ್ಳಬಹುದು, ಮನಸ್ಸಾಕ್ಷಿಯೂ ಕ್ಲೀನ್. ಆ ಮಾತು ಕೇಳಿ ಕೇಳಿ ಹುಡುಗರಿಗೆ ಸಲಿವನ್ ಹೆಸರು ಹೇಳಿದರೇ ಉರಿಯುತ್ತಿತ್ತು. ಕೊನೆಗೆ 1986ರ ಜುಲೈನಲ್ಲಿ ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಷೇರು ಮಾರೋಕೆ ಒಪ್ಪಿತು. ಸುಮಾರು 300 ಕೋಟಿ ಡಾಲರ್ ಮಾತು.

ನೆಪ ಅಂದದ್ದರಲ್ಲಿ ಅರ್ಧ ನಿಜ ಇದೆ ಅನ್ನೋದು ಇದಕ್ಕೇ. ಆದರೆ ಸಲಿವನ್ ಮೇಲೆ ಸಿಟ್ಟಾಗೋದು ನನಗೆ ಇವತ್ತಿಗೂ ಸರಿ ಕಾಣಲ್ಲ. 1971ರಲ್ಲಿ ಬೋರ್ಡ್ ಸೇರಿದ ವರ್ಷವೇ, ಷೇರುದಾರರ ಸಭೆಯಲ್ಲಿ ಎದ್ದು ನಿಂತು, ಕಂಪನಿ ದಕ್ಷಿಣ ಆಫ್ರಿಕಾ ಬಿಡಬೇಕು ಅಂತ ತಮ್ಮದೇ ಆಡಳಿತದ ವಿರುದ್ಧ ಮಾತಾಡಿದವರು ಅವರು. ಸೋತರು. ಬಿಡಿ ಅಂದರೆ ಕೇಳಲ್ಲ, ಸರಿ, ಇದ್ದು ಇದನ್ನಾದರೂ ಮಾಡಿ ಅಂತ ಆಮೇಲೆ ಈ ದಾರಿ ಹಿಡಿದದ್ದು.

ಆಡಿಟರ್_ಅಳಿಯ

ಸಹಿ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ, ರೇಟಿಂಗ್ ಕೂಡ ಇತ್ತು. ಅಮೆರಿಕದ ಆರ್ಥರ್ ಡಿ. ಲಿಟಲ್ ಅನ್ನುವ ಸಲಹಾ ಸಂಸ್ಥೆ ಪ್ರತಿ ವರ್ಷ ಪ್ರಶ್ನಾವಳಿ ಕಳಿಸುತ್ತಿತ್ತು. ಕಂಪನಿಗಳೇ ತುಂಬಿ ವಾಪಸ್ ಕಳಿಸಬೇಕು. ಅದರ ಮೇಲೆ ‘ಒಳ್ಳೆಯ ಪ್ರಗತಿ’, ‘ಪ್ರಗತಿ’, ‘ಇನ್ನೂ ಚುರುಕಾಗಬೇಕು’ ಅಂತ ಮೂರು ದರ್ಜೆ. ಕೆಲವು ಅಂಕಿಗಳಿಗೆ ಲೆಕ್ಕಪರಿಶೋಧಕರ ಸಹಿಯೂ ಬೇಕಾಗಿತ್ತು ಅನ್ನೋದು ನಿಜ. ಆದರೆ ಕೆಲಸಗಾರನನ್ನು ಪಕ್ಕಕ್ಕೆ ಕರೆದು ‘ಏನಪ್ಪಾ, ಇದು ಹೌದಾ?’ ಅಂತ ಕೇಳುವ ಏರ್ಪಾಡು ಇರಲಿಲ್ಲ. ಅಲ್ಲಿನ ಯೂನಿಯನ್‌ಗಳ ದೊಡ್ಡ ತಕರಾರು ಅದೇ.

ನಾನು ಹತ್ತು ಹನ್ನೆರಡು ವರ್ಷ ಫ್ಯಾಕ್ಟರಿ ಆಡಿಟ್ ಮಾಡಿದವನು. ತಾನೇ ಬರೆದ ಉತ್ತರ ಪತ್ರಿಕೆಯಲ್ಲಿ ಯಾವ ಫ್ಯಾಕ್ಟರಿಯೂ ಫೇಲ್ ಆಗಿದ್ದು ನೋಡಿಲ್ಲ. ಮೈಸೂರು ರಸ್ತೆ ಕಡೆ ಒಂದು ಯೂನಿಟ್‌ಗೆ ಹೋದಾಗ ಒಬ್ಬ ಹೆಣ್ಣುಮಗಳು, ಟೈಲರ್, ನಾನು ಪ್ರಶ್ನೆ ಪೂರ್ತಿ ಕೇಳೋಕೆ ಮುಂಚೆನೇ ‘ಓಟಿ ಡಬಲ್ ಕೊಡ್ತಾರೆ ಸಾರ್’ ಅಂದಳು. ನಾನು ಕೇಳುತ್ತಿದ್ದದ್ದು ಕುಡಿಯುವ ನೀರಿನ ಬಗ್ಗೆ.

ಗಾರ್ಮೆಂಟ್_ಗಿರಿಜಾ

@ಆಡಿಟರ್_ಅಳಿಯ ಅಯ್ಯೋ, ಅವರಿಗೆ ಹೇಳಿಕೊಡೋರು ನಮ್ಮಂಥವರೇ ಸಾರ್. ಇದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ.

ಒಂದು ಕೇಳಬೇಕಿತ್ತು. ಸಲಿವನ್‌ರ ಆರು ಸೂತ್ರದಲ್ಲಿ ಯೂನಿಯನ್ ಅನ್ನುವ ಪದವೇ ಕಾಣಲಿಲ್ಲ. ಬೇಕಂತ ಬಿಟ್ಟಿದ್ದಾ?

ಕೆಂಬಾವುಟ_ಕೃಷ್ಣ

ಸರಿಯಾದ ಪ್ರಶ್ನೆ ಈಗ ಬಂತು ನೋಡಿ.

1977ರ ಪಟ್ಟಿಯಲ್ಲಿ ಇರಲಿಲ್ಲ. ಟೀಕೆ ಬಂದಮೇಲೆ 1978ರಲ್ಲಿ ವಿವರಣೆ ಅಂತ ಸೇರಿಸಿದರು. ಯುರೋಪಿನ ಕೋಡ್ ಈ ವಿಷಯದಲ್ಲಿ ವಾಸಿ, ಮೊದಲ ಅಂಶವೇ ಅದು: ಕಪ್ಪು ಕೆಲಸಗಾರರು ತಮಗೆ ಬೇಕಾದ ಸಂಘ ಕಟ್ಟಿಕೊಳ್ಳಲಿ, ಕಂಪನಿ ಅವರ ಜೊತೆ ಮಾತುಕತೆಗೆ ಕೂರಲಿ ಅಂತ.

ಇದು ಯಾಕೆ ಮುಖ್ಯ ಅಂದರೆ, ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ 1979ರವರೆಗೂ ‘ನೌಕರ’ ಅನ್ನುವ ವ್ಯಾಖ್ಯೆಯಿಂದಲೇ ಆಫ್ರಿಕನ್ನರನ್ನು ಹೊರಗಿಟ್ಟಿದ್ದರು. ಬಿಳಿಯರು, ಮಿಶ್ರವರ್ಣದವರು, ಭಾರತೀಯರು ನೋಂದಾಯಿತ ಯೂನಿಯನ್‌ನಲ್ಲಿ ಇರಬಹುದಿತ್ತು. ಆಫ್ರಿಕನ್ನರ ಯೂನಿಯನ್‌ಗೆ ಮಾನ್ಯತೆ ಇಲ್ಲ.

ಅದು ಬದಲಾಗಿದ್ದು ಹೇಗೆ? ಯಾವುದೋ ಕಂಪನಿ ಕೋಡ್ ಓದಿ ಮನಸ್ಸು ಕರಗಿ ಅಲ್ಲ. 1973ರ ಜನವರಿಯಲ್ಲಿ ಡರ್ಬನ್‌ನ ಒಂದು ಇಟ್ಟಿಗೆ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ನೋಡನೋಡುತ್ತಾ ಬಟ್ಟೆ ಗಿರಣಿ, ಬಂದರು, ನಗರಸಭೆ ಅಂತ ಹಬ್ಬಿತು. ಹತ್ತಾರು ಸಾವಿರ ಜನ ಬೀದಿಗೆ ಬಂದರು, ಗಿರಣಿಗಳಲ್ಲಿ ಭಾರತೀಯ ಮೂಲದವರೂ ಜೊತೆಗೂಡಿದರು. ಮುಂದಾಳು ಯಾರು ಅಂತ ಪೊಲೀಸರು ಕೇಳಿದರೆ ಯಾರೂ ಮುಂದೆ ಬರುತ್ತಿರಲಿಲ್ಲ, ಬಂದರೆ ಹಿಡಿದುಕೊಂಡು ಹೋಗುತ್ತಾರಲ್ಲ. ಆ ಅಲೆ ಇಳಿಯಲೇ ಇಲ್ಲ. 1976ರಲ್ಲಿ ಸೊವೆಟೊ ಮಕ್ಕಳ ದಂಗೆ ಬೇರೆ. ಕೊನೆಗೆ ಸರ್ಕಾರ ಕಾರ್ಮಿಕ ಕಾನೂನು ಪರಿಶೀಲಿಸೋಕೆ ವೀಹಾನ್ ಆಯೋಗ ಕೂರಿಸಿತು, 1979ರಲ್ಲಿ ಕಾನೂನು ತಿದ್ದಿತು. ಒಳಗೆ ತಂದರೆ ಹತೋಟಿಯಲ್ಲಿ ಇಡಬಹುದು ಅನ್ನುವ ಲೆಕ್ಕಾಚಾರ. ಲೆಕ್ಕ ತಪ್ಪಿತು. 1985ರ ಡಿಸೆಂಬರ್‌ನಲ್ಲಿ ಕೊಸಾಟು ಹುಟ್ಟಿತು, ದೇಶದ ಅತಿ ದೊಡ್ಡ ಕಾರ್ಮಿಕ ಒಕ್ಕೂಟ, ಅದೂ ಡರ್ಬನ್‌ನಲ್ಲೇ.

ಮಂಡ್ಯ_ಮಗ

ಭಾಷಣ ಚೆನ್ನಾಗಿದೆ ಕೃಷ್ಣಣ್ಣ. ಆದ್ರೆ ಕೋಡ್ ಹಾಕಿದ್ದ ಕಂಪನೀಲಿ ಯೂನಿಯನ್‌ನವ್ರನ್ನ ಹೆಂಗೆ ನೋಡ್ಕೊಂಡ್ರು ಅಂತ ಒಂದ್ ಉದಾಹರಣೆ ಕೊಡಿ.

ಕೆಂಬಾವುಟ_ಕೃಷ್ಣ

@ಮಂಡ್ಯ_ಮಗ ಕೊಡ್ತೀನಿ. ಫೋರ್ಡ್, ಪೋರ್ಟ್ ಎಲಿಜಬೆತ್, 1979. ಸಲಿವನ್ ಸೂತ್ರಕ್ಕೆ ಮೊದಲ ಬ್ಯಾಚ್‌ನಲ್ಲೇ ಸಹಿ ಹಾಕಿದ ಕಂಪನಿ. ಅಲ್ಲಿ ತೊಜಾಮಿಲೆ ಬೋಥಾ ಅಂತ ಒಬ್ಬ ಯುವಕ ಡ್ರಾಫ್ಟ್ಸ್‌ಮನ್ ತರಬೇತಿಯಲ್ಲಿದ್ದ. ಕೋಡ್ ಹೇಳುತ್ತದಲ್ಲ, ಕಪ್ಪು ಜನಕ್ಕೆ ತರಬೇತಿ ಕೊಡಿ ಅಂತ, ಅದೇ. ಆತ ಸಂಜೆ ಹೊತ್ತು ತಾನಿದ್ದ ಟೌನ್‌ಶಿಪ್‌ನಲ್ಲಿ (ಕಪ್ಪು ಜನಕ್ಕೆ ಅಂತಲೇ ಬೇರೆ ಇಟ್ಟಿದ್ದ ಬಡಾವಣೆ) ಬಾಡಿಗೆ, ಮನೆ ವಿಷಯಕ್ಕೆ ಜನರನ್ನು ಸಂಘಟಿಸುತ್ತಿದ್ದ. ಪೆಬ್ಕೊ ಅನ್ನುವ ನಾಗರಿಕ ಸಂಘಟನೆಯ ಅಧ್ಯಕ್ಷ. ಕೆಲಸನಾ ರಾಜಕೀಯನಾ, ಒಂದು ಆರಿಸಿಕೋ ಅನ್ನುವ ಪರಿಸ್ಥಿತಿ ತಂದಿಟ್ಟರು, ಆತ ಕೆಲಸ ಬಿಟ್ಟ. ಮಾರನೆಯ ಹೊತ್ತಿಗೆ ಸುಮಾರು 700 ಜನ ಹೊರಗೆ ಬಂದರು. ಕಂಪನಿ ಆತನನ್ನು ವಾಪಸ್ ತಗೊಂಡಿತು. ಆದರೆ ಬಿಳಿ ನೌಕರರ ಕಿರಿಕಿರಿ ಜಾಸ್ತಿಯಾಗಿ ಮತ್ತೆ ಮುಷ್ಕರ, ಈ ಸಲ ಮುಷ್ಕರ ಮಾಡಿದವರನ್ನೇ ಕಂಪನಿ ತೆಗೆದುಹಾಕಿತು. 1980ರ ಜನವರಿಯಲ್ಲಿ ರಾಜಿ ಆಗಿ ಕೆಲಸಕ್ಕೆ ವಾಪಸ್ ಸೇರಿಸಿಕೊಳ್ಳೋಕೆ ಒಪ್ಪಿದರು. ಬೋಥಾನನ್ನು ಅಷ್ಟರಲ್ಲಿ ಪೊಲೀಸರು ಎತ್ತಿಕೊಂಡು ಹೋಗಿದ್ದರು.

ಅಂದರೆ ಕೋಡ್ ಆತನಿಗೆ ಪೆನ್ಸಿಲ್, ಸ್ಕೇಲು ಕೊಟ್ಟಿತು. ಮಾತಾಡುವ ಧೈರ್ಯ ಕೊಟ್ಟಿದ್ದು ಹೊರಗೆ ನಿಂತ ಆ 700 ಜನ.

ಜಯನಗರ_4ನೇ_ಬ್ಲಾಕ್

ಪೋಲರಾಯ್ಡ್ ಕ್ಯಾಮೆರಾ ಕಥೆ ಯಾರೂ ಹೇಳಲಿಲ್ಲವಲ್ಲ? ಇದು ಸಲಿವನ್‌ಗಿಂತಲೂ ಹಳೇದು.

1970ರಲ್ಲಿ ಪೋಲರಾಯ್ಡ್‌ನ ಅಮೆರಿಕದ ಆಫೀಸಿನಲ್ಲಿ ಕೆರೊಲಿನ್ ಹಂಟರ್ ಅನ್ನುವ ಕೆಮಿಸ್ಟ್, ಕೆನ್ ವಿಲಿಯಮ್ಸ್ ಅನ್ನುವ ಫೋಟೋಗ್ರಾಫರ್, ಇಬ್ಬರೂ ಕಪ್ಪು ನೌಕರರು, ಊಟಕ್ಕೆ ಹೊರಟಿದ್ದಾರೆ. ನೋಟಿಸ್ ಬೋರ್ಡ್‌ನಲ್ಲಿ ಒಂದು ಮಾದರಿ ಗುರುತಿನ ಚೀಟಿ ಕಣ್ಣಿಗೆ ಬಿತ್ತು. ಫೋಟೋ ಇವರ ಆಫೀಸಿನವನದೇ, ಕೆಳಗೆ ದಕ್ಷಿಣ ಆಫ್ರಿಕಾದ ಗಣಿ ಇಲಾಖೆ ಹೆಸರು. ನಮ್ಮ ಕಂಪನಿಗೂ ಅಲ್ಲಿಗೂ ಏನು ಸಂಬಂಧ ಅಂತ ಹುಡುಕಿದರೆ, ಪಾಸ್ ಪುಸ್ತಕಕ್ಕೆ ಫೋಟೋ ತೆಗೆಯೋಕೆ ಇವರ ಕ್ಯಾಮೆರಾ ಮತ್ತು ಫಿಲ್ಮ್. ಒಂದು ನಿಮಿಷದಲ್ಲಿ ಫೋಟೋ ರೆಡಿ ಮಾಡುವ ಯಂತ್ರ ಅದು. ಇಬ್ಬರೂ ಚಳವಳಿ ಶುರು ಮಾಡಿದರು. ಕಂಪನಿ 1971ರಲ್ಲಿ ‘ಪ್ರಯೋಗ’ ಅಂತ ಘೋಷಿಸಿತು: ಸರ್ಕಾರಕ್ಕೆ ಮಾರಲ್ಲ, ಅಲ್ಲಿನ ಡೀಲರ್ ಕಪ್ಪು ನೌಕರರ ಸಂಬಳ ಏರಿಸಬೇಕು, ಶಿಕ್ಷಣಕ್ಕೆ ದೇಣಿಗೆ. ಹಂಟರ್ ಅವರನ್ನು ಮಾತ್ರ ಕೆಲಸದಿಂದ ತೆಗೆದರು!

1977ರಲ್ಲಿ ಬಯಲಾಯಿತು, ಡೀಲರ್ ಕದ್ದುಮುಚ್ಚಿ ಸರ್ಕಾರಕ್ಕೆ ಮಾರುತ್ತಲೇ ಇದ್ದ. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಮಾಲು, ಬಿಲ್ಲು ಒಂದು ಔಷಧಿ ಅಂಗಡಿ ಹೆಸರಲ್ಲಿ. ಆಗ ಕಂಪನಿ ಪೂರ್ತಿ ಕೈತೊಳೆದುಕೊಂಡು ಹೊರಬಂತು.

ನೇರನುಡಿ

ಇದೇ ನಾನು ಹೇಳ್ತಿರೋದು. ಕಂಪನಿ ಯಾರನ್ನು ಎಲ್ಲಿ ಕೂರಿಸಿ ಊಟ ಹಾಕ್ತು ಅಂತ ಕೋಡ್ ಕೇಳುತ್ತೆ. ಆ ಕಂಪನಿ ಏನು ಮಾಡಿ ಯಾರಿಗೆ ಮಾರ್ತು ಅಂತ ಕೇಳಲ್ಲ. ಬ್ರಿಟನ್ನಿನ ಐಸಿಎಲ್ ಕಂಪ್ಯೂಟರ್ ಪಾಸ್ ಪುಸ್ತಕದ ದಾಖಲೆಗೆ. ಐಬಿಎಂ ಕಂಪ್ಯೂಟರ್ ಉಳಿದ ಜನಾಂಗದವರ ಗುರುತಿನ ದಾಖಲೆಗೆ. ಐಬಿಎಂ ಕ್ಯಾಂಟೀನ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿಂದಿದ್ದರೆ ಏನು ಬಂತು ಭಾಗ್ಯ?

ಇತಿಹಾಸ_ಮೇಷ್ಟ್ರು

@ನೇರನುಡಿ ಕಾರು, ಟ್ರಕ್ಕು, ಎಣ್ಣೆ ಸೇರಿಸಿಕೊಳ್ಳಿ. 1980ರ ಕಾಯ್ದೆ ಪ್ರಕಾರ ಸರ್ಕಾರ ಯಾವುದೇ ಕಾರ್ಖಾನೆಯನ್ನು ‘ರಾಷ್ಟ್ರೀಯ ಮುಖ್ಯ ಸ್ಥಳ’ ಅಂತ ಘೋಷಿಸಬಹುದಿತ್ತು. ಆಮೇಲೆ ಅದರ ಭದ್ರತೆಗೆ ಮಾಲೀಕರೇ ಖರ್ಚು ಮಾಡಬೇಕು, ಸರ್ಕಾರ ಹೇಳಿದ ಹಾಗೆ. ಕೋಡ್‌ಗೆ ಸಹಿ ಹಾಕಿದ ಕಂಪನಿಗೂ ಇದರಿಂದ ವಿನಾಯಿತಿ ಇಲ್ಲ.

ಆದರೆ ನ್ಯಾಯವಾಗಿ ಹೇಳಬೇಕು. 1984ರಲ್ಲಿ ಸಲಿವನ್ ಇದನ್ನು ವಿಸ್ತರಿಸಿದರು: ಬರೀ ಕಾರ್ಖಾನೆ ಒಳಗಲ್ಲ, ವರ್ಣಭೇದದ ಕಾನೂನುಗಳ ವಿರುದ್ಧವೇ ಕಂಪನಿಗಳು ದನಿ ಎತ್ತಬೇಕು ಅಂತ. 1985ರಲ್ಲಿ ಎರಡು ವರ್ಷದ ಗಡುವು ಕೊಟ್ಟರು. ಅಷ್ಟರಲ್ಲಿ ವರ್ಣಭೇದ ಹೋಗದಿದ್ದರೆ ಹೊರಡಿ ಅನ್ನುತ್ತೇನೆ ಅಂದರು, ಅಂದ ಹಾಗೇ ಅಂದರು. ಎಷ್ಟು ಜನ ತಾವೇ ಕಟ್ಟಿದ್ದನ್ನು ಹಾಗೆ ಬಿಟ್ಟುಕೊಡ್ತಾರೆ?

ಮಂಡ್ಯ_ಮಗ

ಎಲ್ರೂ ಹೊರಡಿ ಹೊರಡಿ ಅಂತೀರ. ಕಂಪನಿ ಹೋದ್ಮೇಲೆ ಕೆಲಸದವನ ಗತಿ ಏನು? ನಮ್ಮ ಕಡೆ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದಾಗ ನೋಡಿದೀವಿ. ಊರಿಗೆ ಊರೇ ಮಂಕು ಬಡಿಯುತ್ತೆ.

ಜೋಬರ್ಗ್_ಕನ್ನಡಿಗ

@ಮಂಡ್ಯ_ಮಗ ಆ ಚರ್ಚೆ ಅಲ್ಲೂ ಜೋರಾಗಿಯೇ ಇತ್ತು. ವರ್ಣಭೇದವನ್ನು ಜೀವನಪೂರ್ತಿ ವಿರೋಧಿಸಿದ ಹೆಲೆನ್ ಸುಜ್ಮನ್ ಅಂಥವರೂ ದೇಶದ ಮೇಲೆ ಆರ್ಥಿಕ ನಿರ್ಬಂಧ ಬೇಡ ಅಂದವರೇ. ಬಿಷಪ್ ಡೆಸ್ಮಂಡ್ ಟುಟು ಬೇಕು ಅಂದರು.

ಇನ್ನು ಹೊರಟಿದ್ದು ಹೇಗೆ ಅಂತ ನೋಡಿ. 1986ರ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಹೋಗ್ತೀನಿ ಅಂತು. ಬಾಗಿಲು ಹಾಕಲಿಲ್ಲ, ಸ್ಥಳೀಯ ಮ್ಯಾನೇಜರ್‌ಗಳಿಗೆ ಮಾರಿತು. ಡೆಲ್ಟಾ ಅಂತ ಹೊಸ ಬೋರ್ಡ್. ಅದೇ ಶೆಡ್ಡು, ಅದೇ ಲೈನು. ಕೆಲಸಗಾರರು ‘ನಮ್ಮನ್ನು ಕೇಳದೆ ಹೆಂಗೆ ಮಾರಿದಿರಿ, ನಮ್ಮ ಪರಿಹಾರ ಎಲ್ಲಿ’ ಅಂತ ಮುಷ್ಕರ ಹೂಡಿದರು. ಪೊಲೀಸರು ಬಂದರು, ನೂರಾರು ಜನ ಕೆಲಸ ಕಳಕೊಂಡರು. ಸಲಿವನ್ ಕೂತಿದ್ದ ಬೋರ್ಡಿನ ಕಂಪನಿ ಇದು, ನೆನಪಿರಲಿ.

ಕೋಕಾ ಕೋಲಾ ಅದೇ ವರ್ಷ ಹೊರಟಿತು, ಸಿರಪ್ ಮಾಡುವ ಘಟಕ ಪಕ್ಕದ ಸ್ವಾಜಿಲ್ಯಾಂಡ್‌ಗೆ ಹೋಯಿತು, ಕೋಕ್ ಮಾತ್ರ ಅಂಗಡಿಯಲ್ಲಿ ಸಿಗುತ್ತಲೇ ಇತ್ತು. ಪರವಾಗಿಲ್ಲ ಅನ್ನಿಸಿದ್ದು ಕೊಡಾಕ್. ಕಾರ್ಖಾನೆ ಬಿಟ್ಟಿದ್ದಲ್ಲದೆ ಮಾಲು ಕಳಿಸುವುದನ್ನೂ ನಿಲ್ಲಿಸುತ್ತೇನೆ ಅಂತು.

ಹಳೇ_ಪಾಸ್‌ಪೋರ್ಟ್

ಅವರಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಬ್ಯಾಂಕು. 1985ರಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಹಳೇ ಸಾಲ ನವೀಕರಿಸಲ್ಲ ಅಂತು. ಉಳಿದವರೂ ಹಿಂದೆಯೇ. ಅಲ್ಲಿನ ಕರೆನ್ಸಿ ರ್‍ಯಾಂಡ್ ಕುಸಿಯಿತು, ಸರ್ಕಾರ ಸಾಲದ ಮರುಪಾವತಿಯನ್ನೇ ನಿಲ್ಲಿಸಬೇಕಾಯಿತು. ನೀತಿ ನಿಯಮ ನೋಡಿ ಬ್ಯಾಂಕ್ ಹೀಗೆ ಮಾಡಲಿಲ್ಲ, ದುಡ್ಡು ಮುಳುಗುತ್ತೆ ಅನ್ನುವ ಭಯ. ಆ ಭಯ ಹುಟ್ಟಿಸಿದ್ದು ಟೌನ್‌ಶಿಪ್‌ನ ದಂಗೆ, ಮತ್ತೆ ಅಮೆರಿಕದಲ್ಲಿ ಗುಡಿಸಲು ಕಟ್ಟಿದ ಹುಡುಗರು. 1986ರಲ್ಲಿ ರೇಗನ್ ವೀಟೋ ಹಾಕಿದರೂ ಅಮೆರಿಕದ ಸಂಸತ್ತು ಅದನ್ನು ಮೀರಿ ನಿರ್ಬಂಧದ ಕಾನೂನು ತಂದಿತು. ಅಲ್ಲಿಯವರೆಗೆ ಸ್ವಂತ ಇಚ್ಛೆಗೆ ಬಿಟ್ಟಿದ್ದ ಕೋಡ್, 25ಕ್ಕಿಂತ ಹೆಚ್ಚು ನೌಕರರಿದ್ದ ಅಮೆರಿಕನ್ ಕಂಪನಿಗಳಿಗೆ ಕಡ್ಡಾಯವಾಯಿತು. ಸಲಿವನ್ ಕೈಬಿಡುವ ಹೊತ್ತಿಗೆ ಅದು ಕಾನೂನಾಗಿತ್ತು!

ಆಡಿಟರ್_ಅಳಿಯ

ಮೊದಲ 12 ಸಹಿಯ ಪಟ್ಟಿ ಯಾರಾದರೂ ನೋಡಿದ್ದೀರಾ? ಯೂನಿಯನ್ ಕಾರ್ಬೈಡ್ ಇದೆ ಅದರಲ್ಲಿ.

ಚಿಕ್ಕೋಡಿ_ಚಿನ್ನು

ಭೋಪಾಲ್ ಯೂನಿಯನ್ ಕಾರ್ಬೈಡಾ??

ಆಡಿಟರ್_ಅಳಿಯ

ಅದೇ.

ಕೆಂಬಾವುಟ_ಕೃಷ್ಣ

ಗಿರಿಜಾ ಅವರೇ, ನಿಮಗೆ ಉಪಯೋಗಕ್ಕೆ ಬರುವ ಒಂದು ಕೋಡ್ ಹೇಳ್ತೀನಿ. 1988ರಲ್ಲಿ ಜರ್ಮನಿಯ ಲೋಹ ಕಾರ್ಮಿಕರ ಯೂನಿಯನ್ ಐಜಿ ಮೆಟಾಲ್ 14 ಅಂಶ ಮುಂದಿಟ್ಟಿತು. ದಕ್ಷಿಣ ಆಫ್ರಿಕಾದಲ್ಲಿರುವ ಜರ್ಮನ್ ಕಂಪನಿಗಳಿಗೆ. ಇದು ಪಾದ್ರಿಯದೂ ಅಲ್ಲ, ವಿದೇಶಾಂಗ ಸಚಿವರದೂ ಅಲ್ಲ. ಅಲ್ಲಿನ ಕಪ್ಪು ಕಾರ್ಮಿಕರ ಯೂನಿಯನ್ ಜೊತೆ ಕೂಡಿ ಮಾಡಿದ್ದು. ತುರ್ತು ಪರಿಸ್ಥಿತಿ ಕಾನೂನನ್ನು ಕೆಲಸಗಾರರ ಮೇಲೆ ಬಳಸಬೇಡಿ. ಮುಷ್ಕರದ ಹಕ್ಕು ಒಪ್ಪಿ. ಯೂನಿಯನ್‌ನವರು ಕಾರ್ಖಾನೆ ಒಳಗೆ ಬರಲಿ. ಅಂದರೆ ಸರ್ಕಾರ ನಿಮಗೆ ಕೊಟ್ಟಿರುವ ಕೋಲನ್ನು ನೀವು ಎತ್ತಬೇಡಿ ಅಂತ ಸೀದಾ ಹೇಳಿತು. ಪಾಲಿಸದಿದ್ದರೆ ಕೇಳೋಕೆ ಶಾಪ್ ಫ್ಲೋರ್‌ನಲ್ಲೇ ಜನ ಇದ್ದರು.

ನಿಮ್ಮ ಬ್ರ್ಯಾಂಡ್‌ನವರ ಕೋಡ್‌ನಲ್ಲಿ ಸಂಘದ ಹಕ್ಕು ಅಂತ ಒಂದು ಸಾಲು ಇದ್ದೇ ಇರುತ್ತೆ. ಮುಂದಿನ ಆಡಿಟ್‌ನಲ್ಲಿ ವರ್ಕ್ಸ್ ಕಮಿಟಿ ಚುನಾವಣೆ ಯಾವಾಗ ಆಯಿತು, ಮತಪತ್ರ ಎಲ್ಲಿ ಅಂತ ಕೇಳಿಸಿ ನೋಡಿ.

ಗಾರ್ಮೆಂಟ್_ಗಿರಿಜಾ

@ಕೆಂಬಾವುಟ_ಕೃಷ್ಣ ಕೇಳಿಸಿದರೆ ಮಾರನೆಯ ದಿನ ನನಗೆ ಕೆಲಸ ಯಾರು ಕೊಡ್ತೀರಿ ಹೇಳಿ, ಕೇಳಿಸ್ತೀನಿ.

ತಮಾಷೆ ಬಿಡಿ, ಐಜಿ ಮೆಟಾಲ್ ವಿಷಯ ಗೊತ್ತೇ ಇರಲಿಲ್ಲ. ಇದನ್ನು ಹುಡುಕಿ ಓದ್ತೀನಿ.

ನೇರನುಡಿ

ಅಂತೂ ನಾನು ಮೊದಲೇ ಹೇಳಿದ್ದೇ ಸರಿ ಆಯ್ತಲ್ಲ.

ಜೋಬರ್ಗ್_ಕನ್ನಡಿಗ

ಏನೂ ಆಗಿಲ್ಲ. ನನ್ನ ಬಾಸ್‌ನ ನಿಮ್ಮ ಜೊತೆ ಫೋನಲ್ಲಿ ಮಾತಾಡಿಸ್ತೀನಿ ಬನ್ನಿ. ‘ಊಟದ ಹಾಲ್ ವಿಷಯಕ್ಕೆ ಸಿಟ್ಟೂ ಇದೆ, ಸ್ಕಾಲರ್‌ಶಿಪ್‌ಗೆ ಋಣವೂ ಇದೆ, ಎರಡನ್ನೂ ಯಾಕೆ ಇಟ್ಕೊಬಾರದು’ ಅಂತಾರೆ ಅವರು.

ಜಯನಗರ_4ನೇ_ಬ್ಲಾಕ್

ಒಂದು ಮಜಾ ನೋಡಿ. ಐಬಿಎಂ, ಕೋಕಾ ಕೋಲಾ ಎರಡೂ 1977-78ರಲ್ಲಿ ಭಾರತ ಬಿಟ್ಟು ಹೋದವು. ವಿದೇಶಿ ಪಾಲು ಶೇಕಡಾ 40ಕ್ಕೆ ಇಳಿಸಿ ಅಂದರೆ ಆಗಲ್ಲ ಅಂತ. ಆಗ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅದೇ ಎರಡು ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ಮಾತ್ರ 1986ರವರೆಗೂ ಆರಾಮಾಗಿದ್ದವು. ಷೇರು ಬಿಟ್ಟುಕೊಡಿ ಅಂದ ದೇಶದಿಂದ ಎದ್ದು ಹೋದರು, ಬಣ್ಣ ನೋಡಿ ಮನುಷ್ಯರನ್ನು ಬೇರೆ ಇಟ್ಟ ದೇಶದಲ್ಲಿ ಕೂತರು.

ಹಳೇ_ಪಾಸ್‌ಪೋರ್ಟ್

ಕೋಕ್ ಹೋದಮೇಲೆ ಸರ್ಕಾರ ತಂದ ಡಬಲ್ ಸೆವೆನ್ ಕುಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಇತಿಹಾಸ_ಮೇಷ್ಟ್ರು

ಕುಡಿದಿದ್ದೇನೆ. ಒಂದೇ ಸಲ.

ಮಂಡ್ಯ_ಮಗ

ಕಬ್ಬಿನ ಹಾಲು ಇರೋವಾಗ ಅದೆಲ್ಲ ಯಾಕ್ ಬೇಕಿತ್ತು ನಿಮ್ಗೆ?

ವೇದಿಕೆ_ನಿರ್ವಾಹಕ

ಡಬಲ್ ಸೆವೆನ್, ಕಬ್ಬಿನ ಹಾಲಿಗೆ ‘ಹಳೇ ನೆನಪು’ ವಿಭಾಗದಲ್ಲಿ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ. ಇಲ್ಲಿ ಕೋಡ್ ಬಗ್ಗೆ ಮಾತ್ರ.